ಕಿವಿ ಮೇಸ್ತ್ರಿಯ ರಬ್ಬರ್ ಕೊಳವೆ

ಗ್ಯಾರೇಜುಗಳ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಕಿವಿ ಮೇಸ್ತ್ರಿ, ಅಷ್ಟೇ. ಟರ್ಬೊ ಹಾಕಿದ ಪೆಟ್ರೋಲ್ ಗಾಡಿ ಯಾವುದೇ ಬರಲಿ, ತಾಮ್ರದ ಕೊಳವೆಯ ಒಂದು ತುದಿಯನ್ನು ಬಡಿದು ಚಪ್ಪಟೆ ಮಾಡಿ ಎಂಜಿನ್ನಿನ ಮೈಗೆ ಬೋಲ್ಟ್ ಹಾಕುತ್ತಿದ್ದ. ಇನ್ನೊಂದು ತುದಿಗೆ ಉದ್ದನೆಯ ರಬ್ಬರ್ ಕೊಳವೆ ಸಿಕ್ಕಿಸಿ, ಅದನ್ನು ಕಿವಿಗೆ ಇಟ್ಟುಕೊಂಡು ಕೂರುತ್ತಿದ್ದ. ಪ್ಲಗ್ಗಿನ ಕಿಡಿ ತುಸು ಬೇಗ ಹಾರಿದರೆ ಗಾಡಿಗೆ ಕಸುವು ಜಾಸ್ತಿ. ಅತಿಯಾಯಿತೋ, ಒಳಗೆ ಪೆಟ್ರೋಲು ತಾನೇ ಸಿಡಿದು ಪಿಸ್ಟನ್ನಿಗೆ ಸುತ್ತಿಗೆ ಪೆಟ್ಟು. ಆ ಪೆಟ್ಟಿನ ಟಿಣ್ ಟಿಣ್ ಸದ್ದು ಎಲ್ಲಿ ಶುರುವಾಗುತ್ತದೋ ಆ ಅಂಚನ್ನು ಕಿವಿಯಲ್ಲೇ ಹಿಡಿದು, ಅಲ್ಲಿಂದ ಕಿಡಿಯ ಹೊತ್ತನ್ನು ಎರಡು ಡಿಗ್ರಿ ಹಿಂದಕ್ಕೆ ಇಳಿಸಿಬಿಡುವುದು ಅವನ ವಿದ್ಯೆ. ಬೇರೆಯವರೆಲ್ಲ ಇದಕ್ಕೆ ಸೆನ್ಸರ್ ಹಾಕಿ ಪರದೆಯ ಮೇಲೆ ಗೆರೆ ನೋಡುತ್ತಾರೆ. "ಪರದೆ ನೋಡಿ ಸಾರಿಗೆ ಉಪ್ಪು ಹಾಕ್ತೀರೇನ್ರಯ್ಯಾ?" ಎಂದು ಅವರನ್ನು ಆಡಿಕೊಳ್ಳುತ್ತಿದ್ದ. ಜಂಭ, ಇನ್ನೇನು!

ಆ ಕಿವಿ ಈಚೆಗೆ ಕೈಕೊಟ್ಟಿತ್ತು. ಗುಡುಗು, ಹಾರನ್ನು, ಹೆಂಡತಿಯ ಬೈಗುಳ ಎಲ್ಲ ಕೇಳುತ್ತಿತ್ತು. ಸಣ್ಣ ಕೀರಲು ಸದ್ದುಗಳು ಮಾತ್ರ ಒಂದೊಂದಾಗಿ ಮಾಯವಾಗಿದ್ದವು. ಮೊಮ್ಮಗಳಿಗೆ ಜ್ವರ ಬಂದ ದಿನ, ಕಂಕುಳಲ್ಲಿಟ್ಟ ಥರ್ಮಾಮೀಟರು ಕೂಗಿ ಕೂಗಿ ಸುಮ್ಮನಾದರೂ ಇವನು ಅದನ್ನು ಹಿಡಿದೇ ಕೂತಿದ್ದ.

"ಅಯ್ಯೋ, ಅದು ಬಡ್ಕೊಂಡು ಎಷ್ಟೊತ್ತಾಯ್ತು! ಡಾಕ್ಟರ ಹತ್ರ ಹೋಗಿ ಅಂದ್ರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ," ಎಂದಳು ಹೆಂಡತಿ.

"ಇದರ ಸೆಲ್ಲು ವೀಕಾಗಿದೆ," ಎಂದು ಥರ್ಮಾಮೀಟರನ್ನೇ ಬೈದ. ಆಮೇಲೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಕಿವಿಯ ಪಕ್ಕದಲ್ಲೇ ಬೆರಳು ಉಜ್ಜಿ ನೋಡಿದ. ಏನೂ ಇಲ್ಲ. ಇನ್ನೊಂದು ಕಿವಿ. ಅಲ್ಲೂ ಇಲ್ಲ. ಬಕೀಟಿನ ಅಂಚಿನ ಮೇಲೇ ಕೂತುಬಿಟ್ಟ. ಯಾರಿಗೂ ಹೇಳಲಿಲ್ಲ.

ಇಂಥ ಹೊತ್ತಿನಲ್ಲೇ ತಂಗಿ ತನ್ನ ಪಿಕಪ್ ತಂದು ನಿಲ್ಲಿಸಿದಳು. ಗಂಡ ಸತ್ತ ಮೇಲೆ ಅವಳ ಅನ್ನ ಆ ಗಾಡಿಯೇ. ಗುಡ್ಡದ ಮೇಲಿನ ಹಾಸ್ಟೆಲಿಗೆ ನೀರಿನ ಕ್ಯಾನು ಸಾಗಿಸುತ್ತಿದ್ದಳು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಮೀಟರು ಕೆಟ್ಟಿತ್ತು, ಬದಲಿ ಎಲ್ಲೂ ಸಿಕ್ಕಿರಲಿಲ್ಲ, ಗಾಡಿ ಏರಿನಲ್ಲಿ ಮುಗ್ಗರಿಸುತ್ತಿತ್ತು.

"ಸೋಮವಾರ ಭರ್ತಿ ಲೋಡು ಹತ್ತಿಸದೆ ಇದ್ರೆ ಬೇರೆ ಗಾಡಿ ನೋಡ್ಕೋತೀವಿ ಅಂದಿದ್ದಾರೆ ಅಣ್ಣಾ. ನೀನೇ ಗತಿ."

ಮೀಟರನ್ನು ಕಿತ್ತೇ ಹಾಕಿದ. ಇನ್ನು ಗಾಳಿಯನ್ನು ಅಳೆಯುವುದಿಲ್ಲ, ಲೆಕ್ಕ ಹಾಕುವುದು. ಒಳಗಿನ ಗಾಳಿಯ ಒತ್ತಡ ಎಷ್ಟು, ಬಿಸಿ ಎಷ್ಟು, ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ, ಇಷ್ಟು ತಿಳಿದರೆ ಗಾಡಿಯ ಕಂಪ್ಯೂಟರು ತನ್ನ ಕೋಷ್ಟಕ ನೋಡಿ ಅಂದಾಜು ಮಾಡಿ ಪೆಟ್ರೋಲು ಬಿಡುತ್ತದೆ. ಆ ಕೋಷ್ಟಕದ ಮನೆಗಳನ್ನೆಲ್ಲ ಕೂತು ತುಂಬಿದ. ಅದರಲ್ಲಿ ಒಂದು ತಪ್ಪಿರಲಿಲ್ಲ, ಬೇಕಾದರೆ ನಾನು ಆಣೆ ಮಾಡುತ್ತೇನೆ. ಉಳಿದದ್ದು ಕಿಡಿಯ ಹೊತ್ತು. ಅದಕ್ಕೆ ಕಿವಿ ಬೇಕು. ಎದುರು ಗ್ಯಾರೇಜಿನವನ ಹತ್ತಿರ ಸೆನ್ಸರ್ ಇತ್ತು, ಕೇಳಿದ್ದರೆ ಕೊಡುತ್ತಿದ್ದ. ಆದರೆ ಕಿವಿ ಮೇಸ್ತ್ರಿ ಸೆನ್ಸರ್ ಕೇಳಿದ ಅಂದರೆ ಸಂಜೆಯೊಳಗೆ ಬೀದಿಯೆಲ್ಲ ಗುಲ್ಲು. ಎರಡು ಸಲ ಆ ಬಾಗಿಲ ತನಕ ಹೋಗಿ, ಹವಾ ಹೇಗಿದೆ ಎಂದು ವಿಚಾರಿಸಿ ವಾಪಸ್ ಬಂದ ಪುಣ್ಯಾತ್ಮ.

ಭಾನುವಾರ ಮಧ್ಯಾಹ್ನ ಕ್ಯಾನು ಹೇರಿಕೊಂಡು ಗುಡ್ಡದ ಏರಿಗೆ ಹೊರಟರು. ತಂಗಿ ಓಡಿಸುತ್ತಿದ್ದಳು. ಅವನ ತೊಡೆಯ ಮೇಲೆ ಕಿಡಿಯ ಹೊತ್ತು ತಿದ್ದಲು ಲ್ಯಾಪ್‌ಟಾಪು, ಕಿವಿಯಲ್ಲಿ ಕೊಳವೆ. ಎಂಜಿನ್ನಿನ ಗೊರಗೊರ ಕೇಳುತ್ತಿತ್ತು. ಟಿಣ್ ಅನ್ನುವುದು ಮಾತ್ರ ಇಲ್ಲ. ಒಂದು ಡಿಗ್ರಿ ಏರಿಸಿದ. ಇಲ್ಲ. ಇನ್ನೊಂದು. ಕಣ್ಣು ಮುಚ್ಚಿ, ಒಂದೇ ಒಂದು ಸಲ ಕೇಳಿಸು ಎಂದು ತನ್ನ ಕಿವಿಯನ್ನೇ ಬೇಡಿಕೊಂಡ.

"ಅಬ್ಬಾ, ಹೇಗೆ ಎಳೀತಾ ಇದೆ ನೋಡು!" ಎಂದು ತಂಗಿ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ಕಾಲವಾಗಿತ್ತು. ಸದ್ದಿಲ್ಲ ಅಂದರೆ ಪೆಟ್ಟಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ನಂಬಿಕೆ ಬರಲಿಲ್ಲ, ಆದರೂ ಇನ್ನೊಂದು ಏರಿಸಿದ.

ಕೊನೆಯ ತಿರುವಿನಲ್ಲಿ ಗಾಡಿ ಅದುರಿ ಢಬ್ ಎಂದಿತು. ಅದು ಅವನಿಗೂ ಕೇಳಿಸಿತು. ಹಿಂದೆ ನೀಲಿ ಹೊಗೆ ಎದ್ದು ರಸ್ತೆಯೇ ಮುಚ್ಚಿಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಕೈ ಸುಟ್ಟುಕೊಂಡು ಪ್ಲಗ್ ಬಿಚ್ಚಿದ. ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕೆಗಳು ಅಂಟಿದ್ದವು. ಪಿಸ್ಟನ್ ಕರಗಿ ತೂತಾಗಿತ್ತು.

"ಸರಿ ಹೋಗುತ್ತಲ್ವಾ ಅಣ್ಣಾ? ನಾಳೆ ಬೆಳಿಗ್ಗೆ ಲೋಡಿದೆ."

"ಎಂಜಿನ್ನೇ ಹೋಯ್ತಮ್ಮಾ."

ಅವಳು ರಸ್ತೆಯಂಚಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಅವನು ಪ್ಲಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದ. "ಸದ್ದೇ ಬರಲಿಲ್ಲ. ಒಂದು ಚೂರಾದ್ರೂ ಸದ್ದು ಬರಬೇಕಿತ್ತು," ಎಂದ.

"ಬರಲಿಲ್ವಾ?" ತಂಗಿ ತಲೆಯೆತ್ತಿದಳು. "ಕೆಳಗಿನ ಸೇತುವೆಯಿಂದಲೂ ಬರ್ತಾನೇ ಇತ್ತಲ್ಲ ಅಣ್ಣಾ. ಡಬ್ಬಿಗೆ ಸಣ್ಣ ಕಲ್ಲು ಹಾಕಿ ಕುಲುಕಿದ ಹಾಗೆ. ಕೊಳವೆ ಹಾಕ್ಕೊಂಡು ನೀನೇ ಕೂತಿದ್ದೀಯ, ನಾನ್ಯಾಕೆ ಮಧ್ಯ ಬಾಯಿ ಹಾಕಲಿ ಅಂತ ಸುಮ್ಮನಿದ್ದೆ."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಖ ತೋರಿಸಲಾರದೆ ಗಾಡಿಯ ಬಾಗಿಲ ಕಡೆ ತಿರುಗಿ, ಇಲ್ಲದ ಕೆಲಸ ಹುಡುಕುತ್ತಾ ನಿಂತ. ಪಕ್ಕದ ಕನ್ನಡಿಯಲ್ಲಿ ತಂಗಿ ಎದ್ದದ್ದು ಕಂಡಿತು. ಮೆಲ್ಲಗೆ ಅವನ ಬೆನ್ನ ಹಿಂದೆ ಬಂದಳು. ಗಾಡಿ, ಮನೆ, ಗೋಡೌನು ಎಲ್ಲದರ ಕೀಗಳಿದ್ದ ಗೊಂಚಲನ್ನು ಅವನ ಕಿವಿಯ ಹತ್ತಿರ ಎತ್ತಿ ಹಿಡಿದು ಕುಲುಕಿದಳು.

ಕೀಗಳು ಒಂದಕ್ಕೊಂದು ಬಡಿಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು, ಸದ್ದು ಮಾತ್ರ ಇಲ್ಲ. ಈಗ ತಿರುಗಿ, ಏನೇ ಅದು ಗಲಾಟೆ ಎಂದುಬಿಟ್ಟರೆ ಸಾಕು, ಅವಳು ನಂಬುತ್ತಾಳೆ. ಒಂದು ಗಳಿಗೆ ಆಸೆಯೂ ಆಯಿತು. ಕನ್ನಡಿಯಲ್ಲಿ ತಂಗಿಯ ಕಣ್ಣು ತುಂಬಿಕೊಳ್ಳುತ್ತಿತ್ತು. ಅವಳ ಕೈ ಇನ್ನೂ ಕುಲುಕುತ್ತಲೇ ಇತ್ತು.

ಅವನು ತಿರುಗಲಿಲ್ಲ.