ಪರದೆಯ ಹಿಂದೆ ಕಲಿತ ಎಡಗೈ

ದಕ್ಷಿಣಾಮೂರ್ತಿ ಮೇಷ್ಟ್ರು ಡ್ರಿಲ್ ಮೇಷ್ಟ್ರಲ್ಲ, ಲೆಕ್ಕದ ಮೇಷ್ಟ್ರು. ಕಡ್ಡಿಯಂಥ ಮೈ, ಮೂಗಿನ ತುದಿಯಲ್ಲಿ ಕನ್ನಡಕ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಅವರು ಚೆಂಡು ಮುಟ್ಟಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಆದರೂ ನಮ್ಮೂರಿಗೆ ವಾಲಿಬಾಲ್ ತಂದವರು ಅವರೇ, ನಮ್ಮಮ್ಮನಿಗೆ ಮಗಳನ್ನು ವಾಪಸು ಕೊಟ್ಟವರೂ ಅವರೇ.

ನಮ್ಮೂರು ಕೆಂಚಾರ್ಲಹಳ್ಳಿಯಿಂದ ಎರಡು ಮೈಲಿ. ಕೆರೆ ನೀರಿನ ಸರದಿಗಾಗಿ ನಮ್ಮ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಜಗಳ ಹತ್ತಿ ನಾಲ್ಕು ವರ್ಷವಾಗಿತ್ತು. ಹೆಣ್ಣು ಕೊಡುವುದು ತರುವುದು ನಿಂತಿತ್ತು, ಮಾತೂ ನಿಂತಿತ್ತು. ನನ್ನ ಅಕ್ಕ ಗಂಗುಲಮ್ಮನನ್ನು ಜಗಳಕ್ಕೆ ಮೊದಲೇ ಕೆಳಗಿನ ಬೀದಿಯ ರಾಮಾಂಜಿನಪ್ಪನಿಗೆ ಕೊಟ್ಟಿದ್ದೆವು. ಇನ್ನೂರು ಹೆಜ್ಜೆ ದೂರದ ತವರಿಗೆ ಅವಳು ಬರುವಂತಿರಲಿಲ್ಲ. ಅವಳ ಮಗುವನ್ನು ಅಮ್ಮ ಎತ್ತಿಕೊಂಡೇ ಇರಲಿಲ್ಲ. ಕಾಳು ಒಣಗಿಸುವ ನೆಪದಲ್ಲಿ ದಿನವೂ ಸಂಜೆ ಮಾಳಿಗೆ ಹತ್ತಿ ಆ ಕಡೆ ನೋಡುತ್ತಿದ್ದಳು. ಸಂಜೆ ಹೊತ್ತು ಯಾರು ಕಾಳು ಒಣಗಿಸುತ್ತಾರೆ?

ಅರವತ್ತೊಂದನೇ ಇಸವಿಯಲ್ಲಿ ಸರ್ಕಾರದ ಸಿನಿಮಾ ವ್ಯಾನು ಬಂತು. ತಮ್ಮ ಬೀದಿಯಲ್ಲೇ ತೋರಿಸಬೇಕೆಂದು ಎರಡೂ ಕಡೆಯವರು ಪಟ್ಟು ಹಿಡಿದರು. ವ್ಯಾನಿನವನು ಬೇಸತ್ತು ಹೊರಟೇಬಿಟ್ಟಿದ್ದ. ಮೇಷ್ಟ್ರು ಅವನನ್ನು ತಡೆದು, ತಮ್ಮ ಎರಡು ಬಿಳಿ ಪಂಚೆಗಳನ್ನು ಸೇರಿಸಿ ಹೊಲಿಸಿ, ಬೀದಿಗಳೆರಡೂ ಕೂಡುವಲ್ಲಿ ಬೇವಿನ ಮರಗಳ ನಡುವೆ ಕಟ್ಟಿಸಿದರು. ಕೆಳಗಿನವರು ಎದುರಿಗೆ, ನಾವು ಹಿಂದುಗಡೆ.

"ಬಟ್ಟೆ ತೆಳ್ಳಗಿದೆ ಕಣ್ರಪ್ಪಾ, ಆ ಕಡೆಗೂ ಸಿನಿಮಾನೇ ಕಾಣ್ಸೋದು," ಎಂದರು.

ಯುದ್ಧದಲ್ಲಿ ಎರಡು ಹೋಳಾದ ಯಾವುದೋ ದೇಶದ ಕತೆ. ಎರಡೂ ಕಡೆಯ ಹುಡುಗರು ಒಂದೇ ತಂಡವಾಗಿ ವಾಲಿಬಾಲ್ ಆಡುತ್ತಾರೆ. ಮೊದಲು ಒಬ್ಬರಿಗೊಬ್ಬರು ಚೆಂಡನ್ನೇ ಕೊಡುವುದಿಲ್ಲ. ಕೊನೆಗೆ ಗೆದ್ದಾಗ ಇಡೀ ದೇಶ ಒಟ್ಟಿಗೆ ಕುಣಿಯುತ್ತದೆ. ಮೇಷ್ಟ್ರು ಪರದೆಯ ಪಕ್ಕ ನಿಂತು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎಲ್ಲವನ್ನೂ ವಿವರಿಸಿದರು.

"ಅಷ್ಟು ದೊಡ್ಡ ದೇಶದೋರೇ ಒಂದಾದ್ರಲ್ಲೋ," ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾರನೆಯ ದಿನದಿಂದ ಎರಡೂ ಬೀದಿಯ ಯುವಕರಿಗೆ ವಾಲಿಬಾಲ್ ಹುಚ್ಚು. ಹಿಂದುಗಡೆಯಿಂದ ನೋಡಿದ್ದ ನಮಗೆ ಎಡಬಲ ಅದಲುಬದಲಾಗಿ, ಆಟಗಾರರೆಲ್ಲ ಎಡಗೈಯಲ್ಲಿ ಹೊಡೆಯುವಂತೆ ಕಂಡಿತ್ತು. ಅದೇ ಆಟದ ಕ್ರಮವೆಂದು ನಂಬಿ, ಆರು ತಿಂಗಳು ಕೈ ಊದುವಂತೆ ಎಡಗೈಯಲ್ಲೇ ಹೊಡೆದೆವು. ನಮ್ಮಂಥ ಬುದ್ಧಿವಂತರು ಇನ್ನೆಲ್ಲಿ ಸಿಗಬೇಕು!

"ಆ ಕೈ ಯಾವ್ದಕ್ಕೂ ಮುಂದೆ ಮಾಡ್ಬಾರ್ದು ಕಣೋ," ಎಂದು ಅಮ್ಮ ಅದಕ್ಕೊಂದು ಬಾರಿಸುತ್ತಿದ್ದಳು.

ಚಿಂತಾಮಣಿಯಲ್ಲಿ ಪಂದ್ಯಾವಳಿ ನಿಗದಿಯಾಯಿತು. ಊರಿಗೆ ಒಂದೇ ತಂಡ. ಮೇಷ್ಟ್ರು ಯಾರನ್ನೂ ಕೇಳದೆ ನಾನೂ ಸೇರಿ ಮೇಲಿನ ಬೀದಿಯ ಮೂವರ, ಕೆಳಗಿನ ಬೀದಿಯ ಮೂವರ ಹೆಸರು ಬರೆದು ಕಳಿಸಿಬಿಟ್ಟರು. ನಮ್ಮಪ್ಪ ಮುನಿವೆಂಕಟಪ್ಪ ಕೆಂಡಾಮಂಡಲವಾಗಿ ಅವರ ಮನೆಗೆ ಹೋದ. ನಾನೂ ಹಿಂದೆಯೇ ಹೋದೆ.

"ನಮ್ ಹುಡುಗ್ರು ತಪ್ಪು ಕೈಲಿ ಆಡ್ತಾರೆ ಅಂತ ಅವ್ರು ನಗ್ತಾವ್ರೆ. ಅವ್ರ ಜೊತೇಲೇ ಸೇರಿಸಿದ್ದೀರಲ್ಲ ಸ್ವಾಮೀ?"

"ತಪ್ಪು ಕೈ ಅಂತ ಮೊದಲನೇ ದಿನಾನೇ ನೋಡ್ದೆ," ಎಂದರು ಮೇಷ್ಟ್ರು. "ಬೇಕಂತ್ಲೇ ತಿದ್ಲಿಲ್ಲ. ಬಲಗೈನೋರು ಆ ಬೀದೀಲವ್ರೆ, ಎಡಗೈನೋರು ಈ ಬೀದೀಲವ್ರೆ. ನಂಗೆ ಎರಡೂ ಕೈ ಬೇಕಾಗಿತ್ತು."

ಅಪ್ಪ ಟವಲು ಕೊಡವಿಕೊಂಡು ಎದ್ದು ಬಂದ. ನನಗೆ ಆಡಬೇಡ ಎಂದು ಮಾತ್ರ ಹೇಳಲಿಲ್ಲ.

ಫೈನಲ್ಲು ಶಿಡ್ಲಘಟ್ಟದವರ ಮೇಲೆ. ಚೆಂಡು ಎತ್ತಿ ಕೊಡುವವನು ನನ್ನ ಬಾವ ರಾಮಾಂಜಿನಪ್ಪ. ಅವನು ತನ್ನ ಬೀದಿಯವರಿಗೇ ಎತ್ತುತ್ತಿದ್ದ, ಶಿಡ್ಲಘಟ್ಟದವರು ಸಲೀಸಾಗಿ ತಡೆಯುತ್ತಿದ್ದರು. ಇನ್ನು ಸೋತೆವು ಎನ್ನುವಾಗ ನನಗೆ ಮಾಳಿಗೆಯ ಮೇಲಿನ ಅಮ್ಮ ನೆನಪಾದಳು.

"ಬಾವಾ, ನಂಗೆ!" ಎಂದು ಕೂಗಿದೆ.

ನಾಲ್ಕು ವರ್ಷದಲ್ಲಿ ಅವನೊಂದಿಗೆ ನಾನು ಆಡಿದ ಮೊದಲ ಮಾತು. ಬಾವ ನನ್ನ ಕಡೆ ತಿರುಗಿ ಚೆಂಡೆತ್ತಿದ. ಎಡಗೈ ಬೀಸಿದೆ. ಯಾವ ಕಡೆಯಿಂದ ಬಂತೆಂದು ಎದುರಿನವರಿಗೆ ತಿಳಿಯಲೇ ಇಲ್ಲ. ಆಮೇಲೆ ಅವನು ನನಗೇ ಎತ್ತುತ್ತ ಹೋದ. ಗೆದ್ದೆವು.

ಸಂಜೆ ಊರಿಗೆ ಬಂದಾಗ ಅದೇ ಬೇವಿನ ಮರದ ಬಳಿ ಅಕ್ಕ ಮಗುವನ್ನು ಸೊಂಟಕ್ಕೇರಿಸಿಕೊಂಡು, ಗಂಡನಿಗಾಗಿ ಕೆಂಪು ನೀರಿನ ಆರತಿ ಹಿಡಿದು ನಿಂತಿದ್ದಳು. ಬಾವ ನನ್ನ ತೋಳು ಹಿಡಿದು ಪಕ್ಕಕ್ಕೆ ನಿಲ್ಲಿಸಿಕೊಂಡ.

"ಇಬ್ರಿಗೂ ಎತ್ತೇ," ಎಂದ.

ಅವಳು ಗಡಿಬಿಡಿಯಲ್ಲಿ ತಟ್ಟೆ ತಿರುಗಿಸಿ ಅರ್ಧ ಆರತಿ ನನ್ನ ಕಾಲ ಮೇಲೆ ಚೆಲ್ಲಿದಳು. ನಮ್ಮ ಬೀದಿಯಿಂದ ಓಡಿ ಬಂದ ಅಮ್ಮ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಅಳತೊಡಗಿದಳು. ಎಲ್ಲರೂ ಅವಳ ಹಿಂದೆಯೇ ಬಂದಿದ್ದ ಅಪ್ಪನ ಮುಖ ನೋಡಿದರು.

"ಮಗಳನ್ನ ಬಿಸಿಲಲ್ಲಿ ನಿಲ್ಸಿಕೊಂಡಿದ್ದೀಯಲ್ಲೇ, ಮನೆಗೆ ಕರ್ಕೊಂಡೋಗು," ಎಂದು ಅಪ್ಪ ಅಮ್ಮನನ್ನು ಗದರಿದ. ಆಗಲೇ ಹೊತ್ತು ಮುಳುಗಿತ್ತು.

ಮೇಷ್ಟ್ರು ಚಿಕ್ಕಬಳ್ಳಾಪುರಕ್ಕೆ ವರ್ಗವಾಗಿ ಹೋದ ಮೇಲೂ, ಪ್ರತಿ ಯುಗಾದಿಗೆ ಅಮ್ಮ ಅವರಿಗೆ ಒಂದು ಜೊತೆ ಪಂಚೆ ಕಳಿಸುತ್ತಿದ್ದಳು. ಅವರ ಋಣ ಅಷ್ಟಕ್ಕೆ ತೀರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತು. ಗೆದ್ದ ದಿನ ರಾತ್ರಿ ನಮ್ಮ ಮನೆಯಲ್ಲಿ ಅಕ್ಕ, ಬಾವ, ನಾನು ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದೆವು. ಅಮ್ಮ ಹೋಳಿಗೆ ತಂದಳು. ನಾನು ಬಲಗೈ ಚಾಚಿದೆ.

"ಅದಲ್ಲ ಕಣೋ, ಆ ಕೈ ಕೊಡು," ಎಂದು ಎಡಗೈಯನ್ನು ಹಿಡಿದೆಳೆದು, ಅದರಲ್ಲೇ ಹೋಳಿಗೆ ಇಟ್ಟಳು.