ಎರಡು ಗೇಣು, ಎರಡು ಬೆರಳು

ಎಂಟನೆಯ ನಿಮಿಷಕ್ಕೆ ಎಡಗೈ ಮರಗಟ್ಟುತ್ತಿತ್ತು. ಮೊದಲು ಕಿರುಬೆರಳು ಜುಮುಗುಡುವುದು, ಆಮೇಲೆ ಅದರ ಪಕ್ಕದ ಬೆರಳು. ಅಷ್ಟರಲ್ಲಿ ಹೆಗಲ ಪಟ್ಟಿ ಮೂಳೆಗೇ ಇಳಿದಂತಾಗಿ ಅಕಾರ್ಡಿಯನ್ನಿನ ತಿದಿ ಅರ್ಧಕ್ಕೆ ನಿಂತುಬಿಡುವುದು. ಶಾಲೆಯ ಸಾಮಾನು ಕೋಣೆಯಲ್ಲಿ ಚಾಪೆ ಹಾಸಿ, ಚಕ್ಕಳಮಕ್ಕಳ ಹಾಕಿ ಕುಳಿತ ಶಿವಕಾಂತಾ ಗೋಡೆಯ ಗಡಿಯಾರದತ್ತ ನೋಡುವಳು. ಬೇಕಾದದ್ದು ಇಪ್ಪತ್ತು ನಿಮಿಷ. ಉಳಿದದ್ದು ಹದಿಮೂರು ದಿನ.

ಅವಳು ಸುರಪುರದ ಕಡೆಯವಳು. ಮದುವೆಯಾಗಿ ಗಂಡ ಕಾಶಪ್ಪನ ಹಿಂದೆ ಪುಣೆಗೆ ಬಂದಾಗ ಹತ್ತೊಂಬತ್ತು ವರ್ಷ. ಕಾಶಪ್ಪನದು ಸೆಂಟ್ರಿಂಗ್ ಕೆಲಸ: ಕಟ್ಟಡದ ಛಾವಣಿಗೆ ಹಲಗೆ ಕಟ್ಟುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುವುದು. ಅವನು ಕಟ್ಟಿದ ಹಲಗೆಯ ಮೇಲೆ ಐದು ವರ್ಷ ಅವಳು ಕಾಂಕ್ರೀಟು ಹೊತ್ತು ಸುರಿದಳು. ೧೯೯೩ರಲ್ಲಿ ಪುಣೆಯ ಪಕ್ಕದ ಭೋಸರಿಯ ಒಂದು ಮರಾಠಿ ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಕಸ ಹೊಡೆಯುವುದು, ಚಿಕ್ಕ ಮಕ್ಕಳ ಮೂಗು ಒರೆಸುವುದು, ಕುರ್ಚಿಗಳ ಧೂಳು ಜಾಡಿಸುವುದು. ಆರು ವರ್ಷ ಪ್ರತಿದಿನ ಬೆಳಗ್ಗೆ ಮೂವತ್ತೆಂಟು ಕುರ್ಚಿ ಒರೆಸಿದವಳು ಒಂದರ ಮೇಲೂ ಕುಳಿತವಳಲ್ಲ. ಆಯಾಗಳು ಕೂರಬಾರದೆಂದು ಯಾರೂ ಬರೆದು ಹಚ್ಚಿರಲಿಲ್ಲ. ಯಾರೂ ಕುಳಿತುಕೊಳ್ಳೆಂದು ಹೇಳಿಯೂ ಇರಲಿಲ್ಲ. ಕದ್ದು ಕೂರುವುದು ಅವಳ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ.

ಅವಳ ತಂದೆ ಭೀಮಣ್ಣ ಊರಿನ ಭಜನೆಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿದ್ದ. ಮನೆಯಲ್ಲಿ ಅದೊಂದು ಪಾಠವನ್ನು ಮಾತ್ರ ಮಗಳಿಗೂ ಕಲಿಸಿದ್ದ. ಹಾಗಾಗಿ ಜೂನ್ ತಿಂಗಳಲ್ಲಿ ಸಂಗೀತದ ಬಾಯಿ (ಶಿಕ್ಷಕಿಯರನ್ನು ಅಲ್ಲಿ ಕರೆಯುವುದು ಹಾಗೆ) ಕೆಲಸ ಬಿಟ್ಟು ನಾಸಿಕಕ್ಕೆ ಹೋದ ಮೇಲೆ, ಮೂಲೆ ಸೇರಿದ ಅಕಾರ್ಡಿಯನ್ನಿನ ಬಿಳಿ ಕರಿ ಮನೆಗಳು ಅವಳಿಗೆ ಪರಿಚಿತರಂತೆ ಕಂಡವು. ಎಡಗೈಯ ಗುಂಡಿಗಳನ್ನು ಆ ಬಾಯಿ ಒತ್ತುವುದನ್ನು ಆರು ವರ್ಷ ವರಾಂಡದಿಂದ ನೋಡಿದ್ದಳು. ಒಂದು ಸಂಜೆ ಮುಖ್ಯಾಧ್ಯಾಪಕಿ ಬಾಗಿಲಲ್ಲಿ ನಿಂತು ಪೂರ್ತಿ ಒಂದು ಪ್ರಾರ್ಥನೆ ಕೇಳಿದರು. ಬೈಯಲಿಲ್ಲ. ಆಗಸ್ಟ್ ಹದಿನೈದಕ್ಕೆ ಮಕ್ಕಳ ಕವಾಯತು ಇದೆ, ತರಗತಿ ತರಗತಿಯಾಗಿ ಸಾಗುವವರೆಗೆ ಇಪ್ಪತ್ತು ನಿಮಿಷ ನಿಲ್ಲಿಸದೆ ನುಡಿಸಿದರೆ ಇನ್ನು ಮುಂದೆ ಪ್ರಾರ್ಥನೆಯ ವಾದ್ಯ ನಿನ್ನದು, ಪೊರಕೆ ಬೇರೆಯವರು ಹಿಡಿಯುತ್ತಾರೆ, ಎಂದು ಮರಾಠಿಯಲ್ಲಿ ಹೇಳಿ ಹೋದರು.

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗದು, ಕುಳಿತಲ್ಲಿ ಕೂರಲಾಗದು. ದಪ್ಪ ಚಾಪೆ ಹಾಸಿದಳು. ಮೊಣಕಾಲು ತಿದಿಗೆ ಅಡ್ಡ ಬಂತು. ಶಿಶುವರ್ಗದ ಪುಟ್ಟ ಬೆಂಚಿನ ಮೇಲೆ ಕುಳಿತಳು. ಮೊಣಕಾಲು ಮೇಲೆದ್ದು ವಾದ್ಯವನ್ನು ಗದ್ದಕ್ಕೆ ತಂದಿಟ್ಟಿತು. ಬಣ್ಣದ ಖಾಲಿ ಡಬ್ಬಿ ಬೋರಲು ಹಾಕಿದಳು. ಅದರ ಅಂಚು ತೊಡೆಗೆ ಕೊರೆಯಿತು. ಮನೆಯಲ್ಲಿ ಅಕಾರ್ಡಿಯನ್ ಇರಲಿಲ್ಲ. ಆದರೂ ಹಿಟ್ಟಿನ ಡಬ್ಬಿಯನ್ನು ಎದೆಗೆ ಕಟ್ಟಿಕೊಂಡು ಒರಳ ಮೇಲೆ, ಹೊಸ್ತಿಲ ಮೇಲೆ, ಸೌದೆಯ ಕಟ್ಟಿನ ಮೇಲೆ ಕುಳಿತು ನೋಡಿದಳು.

ಪಕ್ಕದ ಮನೆಯ ಹುಲಿಗೆವ್ವ ಬಾಗಿಲಿಗೆ ಬಂದು ನಿಂತಳು. "ಏ ತಂಗೀ, ಇದೇನ್ ಹಡದಿಯವ್ವಾ? ಎದೀಗಿ ಕಟ್ಕೊಂಡು ಊರೆಲ್ಲಾ ಕುಂದ್ರಾಕತ್ತೀದಿ!"

"ಹಡದಿಲ್ಲ ಯಕ್ಕಾ. ಹದಿನೈದನೇ ತಾರೀಖಿಗಿ ಹಡಿತೀನಿ."

"ಗಂಡೋ ಹೆಣ್ಣೋ?"

"ಹಡದ್ರ ಸಾಕಾಗೇದ, ಹೋಗ್ ಯಕ್ಕಾ."

ದೋಷ ವಾದ್ಯದ ಪಟ್ಟಿಯಲ್ಲಿದೆ ಎಂದು ಅವಳಿಗೆ ಖಚಿತವಾಯಿತು. ಭಾನುವಾರ ಅಪ್ಪಣೆ ಪಡೆದು ಅಕಾರ್ಡಿಯನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ, ಎರಡು ಬಸ್ಸು ಬದಲಿಸಿ ಪುಣೆಯ ಕ್ಯಾಂಪ್ ಪೇಟೆಗೆ ಹೋದಳು. ಅಲ್ಲಿ ವಾದ್ಯ ರಿಪೇರಿ ಮಾಡುವ ಮುದುಕರೊಬ್ಬರ ಅಂಗಡಿಯಿತ್ತು. ಅವರು ಪಟ್ಟಿ ಎಳೆದು ನೋಡಿದರು, ತಿದಿ ಬಿಚ್ಚಿ ಮಡಚಿದರು. ನುಡಿಸು ಎಂದರು. ಅವಳು ಅಂಗಡಿಯ ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿದಳು.

ಮುದುಕರು ಹಣೆ ಬಡಿದುಕೊಂಡರು. ಪೇಟಿ ನೆಲದ ಮೇಲೆ ಕೂರುತ್ತದೆ, ಅದಕ್ಕೇ ನೀನೂ ನೆಲದ ಮೇಲೆ ಕೂರಬಹುದು. ಇದು ನಿನ್ನ ಮೇಲೆ ಕೂರುವ ವಾದ್ಯ, ಇದರ ನೆಲ ನಿನ್ನ ತೊಡೆ, ಎಂದು ಹಿಂದಿಯಲ್ಲಿ ಗದರಿದರು. ತಮ್ಮ ಸ್ಟೂಲನ್ನು ಕಾಲಿನಿಂದ ಅವಳ ಕಡೆ ತಳ್ಳಿದರು. ಅವಳು ಕೂರಲಿಲ್ಲ. ಎರಡನೆಯ ಬಾರಿ, "ಬೈಠೋ ಬೇಟಿ" ಎಂದ ಮೇಲೆ ಕುಳಿತಳು. ಸ್ಟೂಲಿನ ಮುಂದಿನ ಅರ್ಧದಲ್ಲಿ ಕೂರಿಸಿದರು. ಎರಡೂ ಪಾದ ಪೂರ್ತಿ ನೆಲಕ್ಕೆ ಊರಿಸಿದರು. ಬೆನ್ನು ನೇರ, ವಾದ್ಯದ ಭಾರ ಎಡ ತೊಡೆಯ ಮೇಲೆ, ಹೆಗಲ ಪಟ್ಟಿ ಹಿಡಿಯುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಅವಳು ತಿದಿ ಎಳೆದಳು. ಎಂಟು ನಿಮಿಷ ದಾಟಿತು. ಬೆರಳು ಬೆರಳಾಗಿಯೇ ಉಳಿದವು.

ಏಳುವ ಮುನ್ನ ಅವಳು ಸ್ಟೂಲಿನ ಕಾಲನ್ನು ಗೇಣು ಹಾಕಿ ಅಳೆದಳು. ಎರಡು ಗೇಣು, ಎರಡು ಬೆರಳು. ಮನೆಯವರೆಗೂ ಬಸ್ಸಿನಲ್ಲಿ ಅದನ್ನೇ ಜಪಿಸಿದಳು.

ಕಾಶಪ್ಪ ಮಾತು ಕಡಿಮೆಯ ಮನುಷ್ಯ. ಹಳೆಯ ಸೆಂಟ್ರಿಂಗ್ ಹಲಗೆ ತಂದು, ಸಿಮೆಂಟು ಕೆರೆದು, ನಾಲ್ಕು ಸಂಜೆ ಕುಳಿತು ಸ್ಟೂಲು ಮಾಡಿದ. ಭಾರವಾಗಿತ್ತು, ಅಲ್ಲಾಡುತ್ತಿರಲಿಲ್ಲ. ಶಿವಕಾಂತಾ ಅದರ ಮೇಲೆ ಕುಳಿತಳು. ಹಿಮ್ಮಡಿ ನೆಲ ಮುಟ್ಟಲಿಲ್ಲ. ಹಿಟ್ಟಿನ ಡಬ್ಬಿ ತೊಡೆಯಿಂದ ಜಾರಿತು.

"ಎಷ್ಟು ಅಳತಿ ಇಟ್ಟೀರಿ?"

"ನೀ ಹೇಳಿದಷ್ಟೇ. ಎರಡು ಗೇಣು, ಎರಡು ಬಳ್ಳು."

"ಯಾರ ಗೇಣು?"

ಕಾಶಪ್ಪ ತನ್ನ ಅಂಗೈ ನೋಡಿಕೊಂಡ. ಇಪ್ಪತ್ತು ವರ್ಷ ಹಲಗೆ ಎತ್ತಿದ ಕೈ ಅದು, ಮೊರದಷ್ಟು ಅಗಲ. "ಗೇಣಂದ್ರ ಗೇಣು. ಅಳ್ಯಾವ ನಾನು, ನನ್ ಗೇಣು."

"ಕುಂದ್ರಾಕಿ ನಾನಲ್ಲೇನ್ರೀ!"

"ಮೊದ್ಲ ಹೇಳಬೇಕಿತ್ತಿಲ್ಲೋ?"

"ಮೊದ್ಲ ಕೇಳಬೇಕಿತ್ತಿಲ್ಲೋ?"

ಅವನು ಎದ್ದು ಹೊರಗೆ ಹೋದ. ಉಳಿದದ್ದು ಮೂರು ದಿನ. ಅವಳು ಕುಳಿತಳು, ಎದ್ದಳು, ಸ್ಟೂಲನ್ನು ಗೋಡೆಗೆ ತಳ್ಳಿದಳು, ಮತ್ತೆ ಎಳೆದಳು. ಕಡೆಗೆ ತಾನೇ ಗರಗಸ ತೆಗೆದು ಒಂದು ಕಾಲಿನ ಮೇಲಿಟ್ಟಾಗ ಹಿಂದಿನಿಂದ ಧ್ವನಿ ಬಂತು.

"ಹಂಗ ಕೊಯ್ದ್ರ ಕುಂಟ ಆಗ್ತದ. ಕೊಡಿಲ್ಲಿ. ಕೈ ಚಾಚು."

ಕಾಶಪ್ಪ ಅವಳ ಅಂಗೈಯನ್ನು ಸ್ಟೂಲಿನ ಕಾಲಿಗೆ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಮತ್ತೊಮ್ಮೆ. ಆಮೇಲೆ ಎರಡು ಬೆರಳು. ನಾಲ್ಕು ಕಾಲಿಗೂ ಹಾಗೆಯೇ ಗುರುತು ಹಾಕಿ ಕೊಯ್ದ, ಒಂದಕ್ಕೂ ಅಂದಾಜು ಮಾಡದೆ.

ಹದಿನೈದರ ಬೆಳಗ್ಗೆ ಅವಳು ಸ್ಟೂಲನ್ನು ತಲೆಯ ಮೇಲೆ ಹೊತ್ತು ಶಾಲೆಗೆ ಹೋದಳು. ಮೈದಾನದಲ್ಲಿ ಅತಿಥಿಗಳಿಗೆ ಕುರ್ಚಿ ಹಾಕಿದ್ದರು. ಅವಳಿಗಾಗಿ ಕೊನೆಯಲ್ಲಿ ಜಮಖಾನೆ ಹಾಸಿದ್ದರು. ಅವಳು ಅದರ ಪಕ್ಕದಲ್ಲಿ ಸ್ಟೂಲನ್ನು ಇಟ್ಟಳು. ಮುಖ್ಯಾಧ್ಯಾಪಕಿ ನೋಡಿದರು. ಸಿಮೆಂಟಿನ ಕಲೆ ಉಳಿದ ಆ ಹಲಗೆ, ಮುಂದೆ ಹೂವಿನ ಕುಂಡಗಳು. ಅವರ ಮುಖ ಗಂಟಾಯಿತು. ಒಂದು ಕ್ಷಣ ಯೋಚಿಸಿ ತಮ್ಮ ಕಚೇರಿಯಿಂದ ತಮ್ಮದೇ ಕುರ್ಚಿಯನ್ನು ತರಿಸಿದರು. ಎರಡೂ ಕಡೆ ಕೈ ಇದ್ದ, ಕೆಂಪು ಮೆತ್ತೆಯ ಕುರ್ಚಿ. "ಬೈಸ, ಶಿವಕಾಂತಾ," ಎಂದರು.

ಕುಳಿತುಕೋ ಎಂದು ಆ ಶಾಲೆಯಲ್ಲಿ ಆರು ವರ್ಷದಲ್ಲಿ ಮೊದಲ ಸಲ ಕೇಳಿದ ಮಾತು ಅದು. ಎಲ್ಲ ಬಾಯಿಯರೂ ತಿರುಗಿ ನೋಡುತ್ತಿದ್ದರು. ಅವಳು ಕುಳಿತಳು. ಮೆತ್ತೆ ಕುಸಿಯಿತು. ತಿದಿ ಎಳೆದಳು, ಅದು ಕುರ್ಚಿಯ ಎಡಗೈಗೆ ತಾಗಿ ಟಕ್ಕೆಂದು ನಿಂತಿತು.

ಏಳುವುದೆಂದರೆ ಕೊಟ್ಟ ಮರ್ಯಾದೆಯನ್ನು ಎಲ್ಲರ ಮುಂದೆ ತಿರುಗಿಸಿ ಕೊಟ್ಟಂತೆ. ಏಳದಿದ್ದರೆ ಎಂಟನೆಯ ನಿಮಿಷ. ಮಕ್ಕಳು ಸಾಲು ಕಟ್ಟಿ ಕಾಲು ಬದಲಿಸುತ್ತಿದ್ದರು.

ಶಿವಕಾಂತಾ ಎದ್ದಳು. "ಬಾಯಿ, ನಿಮ್ಮ ಕುರ್ಚಿ ದೊಡ್ಡದು. ಆದರೆ ಇದಕ್ಕೆ ಕೈ ಇದೆ, ನನ್ನ ಕೈಗೆ ಜಾಗವಿಲ್ಲ," ಎಂದು ಮರಾಠಿಯಲ್ಲಿ, ತಲೆ ತಗ್ಗಿಸದೆ ಹೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಸ್ಟೂಲಿನ ಮುಂದಿನ ಅರ್ಧದಲ್ಲಿ ಕುಳಿತು, ಪಾದ ಊರಿ, ಕವಾಯತಿನ ಮೊದಲ ಹೆಜ್ಜೆಗೆ ತಿದಿ ತೆರೆದಳು.

ಎಂಟನೆಯ ನಿಮಿಷವನ್ನು ಅವಳು ಶತ್ರುವನ್ನು ಕಾದಂತೆ ಕಾದಳು. ಅದು ಬಂದು ಹೋಯಿತು. ಹದಿನೈದಕ್ಕೆ ಸೊಂಟ ನೊಂದಿತು, ಅಷ್ಟೆ. ಏಳನೆಯ ತರಗತಿಯ ಕೊನೆಯ ಹುಡುಗಿ ಧ್ವಜವನ್ನು ದಾಟುವವರೆಗೆ ಒಂದು ಸ್ವರವೂ ತುಂಡಾಗಲಿಲ್ಲ. ಕೆಂಪು ಮೆತ್ತೆಯ ಕುರ್ಚಿ ಅವಳ ಪಕ್ಕದಲ್ಲಿ ಖಾಲಿಯಾಗಿಯೇ ನಿಂತಿತ್ತು.

ಎಲ್ಲ ಮುಗಿದ ಮೇಲೆ ಅವಳು ಸ್ಟೂಲನ್ನು ಎತ್ತಿ ತಲೆಗೇರಿಸುತ್ತಿದ್ದಾಗ ಮುಖ್ಯಾಧ್ಯಾಪಕಿ ಬಂದರು. ಮುಖದ ಗಂಟು ಪೂರ್ತಿ ಸಡಿಲಗೊಂಡಿರಲಿಲ್ಲ. "ಅದನ್ನು ಎಲ್ಲಿಗೆ ಒಯ್ಯುತ್ತೀ? ಇಲ್ಲೇ ಇರಲಿ. ನಾಳೆ ಬೆಳಗ್ಗೆ ಪ್ರಾರ್ಥನೆಗೆ ಬೇಕಲ್ಲ," ಎಂದು ಹೇಳಿ ನಡೆದರು.

ಶಿವಕಾಂತಾ ಸ್ಟೂಲನ್ನು ಸಾಮಾನು ಕೋಣೆಯಲ್ಲಿ ಇಟ್ಟಳು. ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದಳು. ಶಾಲೆಯ ಪ್ರತಿ ಕುರ್ಚಿಗೂ ಬಣ್ಣದಲ್ಲಿ ಸಂಖ್ಯೆ ಬರೆದಿತ್ತು, ಇದಕ್ಕೆ ಇರಲಿಲ್ಲ. ಸ್ಟೂಲನ್ನು ಬೋರಲು ಹಾಕಿ, ಸೀಮೆಸುಣ್ಣದ ತುಂಡಿನಿಂದ ಹಲಗೆಯ ಅಡಿಯಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ಬರೆದಳು. ಅಲ್ಲಿ ಅದನ್ನು ಓದಬಲ್ಲವರು ಬೇರೆ ಯಾರೂ ಇರಲಿಲ್ಲ. ಯಾರಾದರೂ ಎತ್ತಿಕೊಂಡು ಹೋದಾರೆಂಬ ಕಳವಳ ಮಾತ್ರ ಹೋಗಲಿಲ್ಲ. ಮರುದಿನ ಗಂಟೆ ಬಾರಿಸುವುದಕ್ಕೆ ಒಂದು ತಾಸು ಮೊದಲೇ ಬಂದು, ಮೊದಲು ಸ್ಟೂಲಿನ ಮೇಲೆ ಕುಳಿತು ನೋಡಿದಳು.