ಗುರುವಾರದ ದವಾಖಾನೆ

ನಮ್ಮ ಡಾಕ್ಟರರ ಪ್ಯಾಂಟು ಯಾವಾಗಲೂ ಮೊಣಕಾಲಿನ ಹತ್ತಿರವೇ ಸವೆದಿರುತ್ತಿತ್ತು. ಕುರ್ಚಿ ಇದ್ದೂ ಅವರು ಕೂಡುತ್ತಿದ್ದುದು ನೆಲದ ಮೇಲೆ, ಮಕ್ಕಳ ಎದುರು. ಗಂಗಾವತಿಯ ಅಕ್ಕಿ ಮಿಲ್ಲುಗಳ ಓಣಿಯಲ್ಲಿ ಅವರ ದವಾಖಾನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಅಲ್ಲಿಗೆ ಹೋದೆ. ಮಗನಿಗೆ ಮಾತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಕಿವುಡನೆಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು.

ಡಾಕ್ಟರು ಅವನ ಬೆನ್ನ ಹಿಂದೆ ಚಪ್ಪಾಳೆ ತಟ್ಟಿದರು. ಅವನು ಅಲುಗಲಿಲ್ಲ. "ಕಿವೀದ ತೊಂದ್ರಿ" ಎಂದು ಅವರೂ ಅಂದರು. ಅಷ್ಟರಲ್ಲಿ ಎದುರಿನ ಮಿಲ್ಲು ಶುರುವಾಯಿತು. ಮಗ ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೊಕ್ಕ. ಡಾಕ್ಟರೂ ಅವನ ಹಿಂದೆಯೇ ತೂರಿದರು! ಎಷ್ಟೋ ಹೊತ್ತಿನ ಮೇಲೆ ಅಲ್ಲಿಂದಲೇ ಹೇಳಿದರು: "ತಂಗೀ, ನಾ ತಪ್ಪಿದೆ. ಇವ ಕಿವುಡ ಅಲ್ಲ. ಇವ್ಗ ನಮಗಿಂತ ಹೆಚ್ಚು ಕೇಳಸ್ತೈತಿ. ಆಟಿಸಂ ಅಂತಾರ ಇದಕ್ಕ. ನನಗ ಹೆಸರು ಗೊತ್ತೈತಿ, ಔಷಧ ಗೊತ್ತಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿಲ್ಲಂದ್ರ ಬೋರ್ಡ್ ಯಾಕ ಹಾಕ್ಕೊಂಡೀರಿ?" ಎಂದುಬಿಟ್ಟೆ.

ಅವರು ನಕ್ಕರು. "ನೀವ ನನಗ ಕಲಸ್ರಿ. ಪ್ರತಿ ಗುರುವಾರ ಬರ್ರಿ."

ಕುಷ್ಟಗಿ, ಯಲಬುರ್ಗಾ ಕಡೆಯಿಂದಲೂ ಇಂಥ ಮಕ್ಕಳ ತಾಯಂದಿರನ್ನು ಹುಡುಕಿ ಕರೆಸುತ್ತಿದ್ದರು. ಏನು ತಿಂದ, ಯಾವುದಕ್ಕೆ ಅತ್ತ, ಯಾವುದಕ್ಕೆ ಸುಮ್ಮನಾದ ಎಂದು ಪೊಲೀಸರೂ ಕೇಳದಷ್ಟು ಕೇಳುತ್ತಿದ್ದರು. ಒಬ್ಬರ ಮಗುವಿಗೆ ಒಗ್ಗಿದ್ದನ್ನು ಇನ್ನೊಬ್ಬರಿಗೆ ಹೇಳಿ, ಏನಾಯಿತೆಂದು ಮತ್ತೆ ವಿಚಾರಿಸುತ್ತಿದ್ದರು. ನನ್ನ ಮಗ ಕ್ಷೌರಕ್ಕೆ ಚೀರಾಡುತ್ತಾನೆಂದು ಹೇಳಿಕೊಂಡಾಗ, "ಕತ್ತರಿ ಸಪ್ಪಳಕ್ಕ ಅಂಜತಾನ. ಮೊದ್ಲ ನಿಮ್ಮ ಕೂದಲಾ ಕತ್ತರಿಸಿ ತೋರಸ್ರಿ" ಅಂದರು. ನನ್ನ ಜಡೆ ಗೇಣುದ್ದ ಹೋಯಿತು, ಆದರೆ ಅವನ ಕ್ಷೌರವಾಯಿತು.

ಮಗನಿಗೆ ಬರೆ ಹಾಕಿದರೆ ಮಾತು ಬರುತ್ತದೆಂದು ಅತ್ತೆ ಒಮ್ಮೆ ಹಟ ಹಿಡಿದರು. ಸುದ್ದಿ ತಿಳಿದು ಡಾಕ್ಟರು ಮನೆಗೇ ಬಂದರು. ಒಲೆಯಲ್ಲಿ ಸಲಾಕೆ ಕಾಯುತ್ತಿತ್ತು. ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. "ಯವ್ವಾ, ಗುಣಾ ಮಾಡಾಕ ಬರದಾವ ನಾನು. ಬರಿ ನನಗ ಹಾಕ್ರಿ."

"ಎಪ್ಪಾ, ಹಂಗ ಅನಬ್ಯಾಡ್ರಿ" ಎನ್ನುತ್ತ ಅತ್ತೆ ಸಲಾಕೆಯನ್ನು ನೀರಿಗೆ ಹಾಕಿದರು.

ಎಂಬತ್ತರ ದಶಕದ ನಡುವೆ, ಒಂದು ಸೋಮವಾರ ಎದೆನೋವು ಬಂದು ಡಾಕ್ಟರು ಹೋಗಿಬಿಟ್ಟರು. ನಾನು ಮಣ್ಣಿಗೆ ಹೋಗಿ ಬಂದೆ. ಗುರುವಾರ ಬೆಳಿಗ್ಗೆ ಮಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ. ಬೇಡವೆಂದರೆ ತಲೆಯನ್ನು ಗೋಡೆಗೆ ಬಡಿದುಕೊಂಡ. ಕೊನೆಗೆ ಕರೆದುಕೊಂಡು ಹೋದೆ. ದವಾಖಾನೆಗೆ ಬೀಗ. ಅವನು ಮೆಟ್ಟಿಲ ಮೇಲೆ ಕೂತು ಬಾಗಿಲನ್ನೇ ನೋಡತೊಡಗಿದ. ಕುಷ್ಟಗಿಯ ತಾಯಿಯೊಬ್ಬಳು, ಸುದ್ದಿ ತಿಳಿಯದೆ, ಮಗಳನ್ನು ಕರೆದುಕೊಂಡು ಬಂದಿದ್ದಳು. ವಿಷಯ ಹೇಳಿದೆ.

"ಯಕ್ಕಾ, ಈ ಹುಡುಗ್ರಿಗೆ ಇದನ್ನ ಹೆಂಗ ಹೇಳೂದ್ರೀ?" ಎಂದು ಅಳತೊಡಗಿದಳು.

ನನಗೂ ದುಃಖ ತಡೆಯಲಾಗಲಿಲ್ಲ. ಇಂಥದ್ದನ್ನೆಲ್ಲ ನಾವು ಕೇಳುತ್ತಿದ್ದುದು ಅವರೊಬ್ಬರನ್ನೇ.